ಇಬ್ಬರ ನಡುವಿನ ಜಾಗ: ಬ್ಲ್ಯಾಕ್ ಕೀಸ್ ಹೊಸ ಆಲ್ಬಂ, ವಿಮರ್ಶಕರು ಮತ್ತು ಕೇಳುಗರು

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಬ್ಲ್ಯಾಕ್ ಕೀಸ್ ಅನ್ನುವ ಅಮೆರಿಕದ ರಾಕ್ ತಂಡವನ್ನು ಮೊದಲಿನಿಂದಲೂ ಕೇಳಿಕೊಂಡು ಬಂದವರು. ಕೆಲವರಿಗೆ ಒಂದೆರಡು ಹಾಡು ಮಾತ್ರ ಗೊತ್ತು. ಎರಡೂ ಕಡೆಯವರಿಗೆ ಆಗುವ ಹಾಗೆ ಮಾತಾಡುತ್ತೇನೆ.

‘ನೋ ರೇನ್, ನೋ ಫ್ಲವರ್ಸ್’ ಅನ್ನುವ ಆಲ್ಬಂ 2025ರ ಆಗಸ್ಟ್ 8ರಂದು ಬಂತು. ಆ ತಂಡದ 13ನೆಯ ಆಲ್ಬಂ ಅದು. ತಂಡ ಅಂದರೆ ಇಬ್ಬರೇ. ಡ್ಯಾನ್ ಔರ್‌ಬ್ಯಾಕ್ ಗಿಟಾರ್ ನುಡಿಸುತ್ತ ಹಾಡುತ್ತಾರೆ. ಪ್ಯಾಟ್ರಿಕ್ ಕಾರ್ನಿ ಡ್ರಮ್ಸ್ ಬಾರಿಸುತ್ತಾರೆ. ಆಲ್ಬಂ ಬಂದಾಗ ವಿಮರ್ಶಕರು ಒಂದೇ ಮಾತು ಹೇಳಲಿಲ್ಲ. ಹಾಡುಗಳು ಕಿವಿಗೆ ಹಿತವಾಗಿವೆ, ಔರ್‌ಬ್ಯಾಕ್ ದನಿ ಮಾಗಿದೆ, ಹಳೆಯ ಸೋಲ್ ಸಂಗೀತದ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯ ಒಂದು ಬಗೆ) ಸೊಗಸು ಇದೆ ಅಂತ ಕೆಲವರು ಮೆಚ್ಚಿದರು. ತೀರಾ ನಯ ಮಾಡಿಬಿಟ್ಟಿದ್ದಾರೆ, ಎಲ್ಲೂ ಧೈರ್ಯ ಮಾಡಿಲ್ಲ ಅಂತ ಇನ್ನು ಕೆಲವರು ಬೇಸರಪಟ್ಟರು. ಹಳೆಯ ಕೇಳುಗರ ತಕರಾರು ಇನ್ನೂ ನೇರ. ಗಿಟಾರ್ ಎಲ್ಲಿ ಹೋಯಿತು?

ಈ ತಕರಾರು ಸುಮ್ನೆ ಹುಟ್ಟಿದ್ದಲ್ಲ. ಅದರಲ್ಲಿ ಹುರುಳಿದೆ. ಆದರೆ ಅದಕ್ಕೆ ಜನ ಕೊಡುವ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಹೊರಗಿನವರನ್ನು ಕರೆಸಿದರು, ಪಿಯಾನೋ ತಂದರು, ಬರೆಯುವುದಕ್ಕೂ ಬೇರೆಯವರನ್ನು ಕೂರಿಸಿಕೊಂಡರು, ಅದಕ್ಕೇ ಕೆಟ್ಟಿತು ಅನ್ನುತ್ತಾರೆ. ನನ್ನ ಪ್ರಕಾರ ಇದು ಜನ ಜಾಸ್ತಿಯಾದ ಸಮಸ್ಯೆ ಅಲ್ಲ. ಇಬ್ಬರ ನಡುವೆ ಇದ್ದ ಖಾಲಿ ಜಾಗ ಕಮ್ಮಿಯಾದ ಸಮಸ್ಯೆ. ಎರಡೂ ಒಂದೇ ಅನ್ನಿಸಬಹುದು. ಒಂದೇ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಇಬ್ಬರೇ ನುಡಿಸುವಾಗ ಏನಾಗುತ್ತದೆ ಅನ್ನುವುದನ್ನು ನೋಡೋಣ. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಬೇಸ್ ಗಿಟಾರ್ ಇರುತ್ತದೆ. ಕೆಳಗಿನ ಸ್ವರಗಳನ್ನು ಅದು ನೋಡಿಕೊಳ್ಳುತ್ತದೆ. ಹಾಗಾಗಿ ಗಿಟಾರ್ ನುಡಿಸುವವರು ಮೇಲೆ ಎಲ್ಲಿ ಬೇಕಾದರೂ ಸುತ್ತಾಡಿ ಬರಬಹುದು. ಬೇಸ್ ಇಲ್ಲದಿದ್ದರೆ ಆ ಸಲಿಗೆ ಇಲ್ಲ. ಗಿಟಾರಿನ ದಪ್ಪ ತಂತಿಗಳೇ ಆ ಕೆಲಸವನ್ನೂ ಮಾಡಬೇಕು. ಹೆಬ್ಬೆರಳು ಕೆಳಗಿನ ತಂತಿಯನ್ನು ಬಿಡದೆ ಮೀಟುತ್ತಿರಬೇಕು. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿಗೆ ಉತ್ತರ ಕೊಡುತ್ತಿರಬೇಕು. ಫಝ್ ಹಾಕಿ, ಅಂದರೆ ಸದ್ದನ್ನು ಬೇಕಂತಲೇ ಒರಟು ಮಾಡಿ, ಸದ್ದು ಹಿಗ್ಗಿಸುವ ಆಂಪ್ ಜೋರು ಮಾಡಿ ಸದ್ದನ್ನು ಅಗಲ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಸೋಲೋ, ಅಂದರೆ ಗಿಟಾರ್ ಮುಂದೆ ಬಂದು ಒಂಟಿಯಾಗಿ ನುಡಿಯುವ ಭಾಗ, ಶುರುವಾದ ಕೂಡಲೇ ಕೆಳಗಿನ ಸದ್ದು ತಟ್ಟನೆ ನಿಂತುಹೋಗುತ್ತದೆ. ಹಾಡಿನ ನಡುವೆ ಒಂದು ಹಳ್ಳ ಬೀಳುತ್ತದೆ. ಆ ಕ್ಷಣಕ್ಕೆ ಹಾಡನ್ನು ಹೊರುವವರು ಡ್ರಮ್ಸ್ ಒಬ್ಬರೇ. ಶುರುವಿನ ಆಲ್ಬಂಗಳಲ್ಲಿ ಕಾರ್ನಿ ಅಲ್ಲಿ ಏನು ಮಾಡುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಸಿಂಬಲ್ ಮೇಲಿನ ಪೆಟ್ಟು ಬಿರುಸಾಗುತ್ತದೆ. ಕಿಕ್ ಡ್ರಮ್ ತುಸು ಮುಂದಕ್ಕೆ ನುಗ್ಗುತ್ತದೆ. ಲಯ ಒಂದು ಎಳೆಯಷ್ಟು ಓಡುತ್ತದೆ. ಔರ್‌ಬ್ಯಾಕ್ ಸೋಲೋ ಮುಗಿಸಿ ದಪ್ಪ ತಂತಿಗೆ ವಾಪಸ್ ಬಿದ್ದಾಗ ಇಡೀ ಹಾಡು ಧಡ್ ಅಂತ ನೆಲ ಮುಟ್ಟುತ್ತದೆ. ಮೈ ಜುಮ್ಮೆನ್ನುವುದು ಅಲ್ಲಿ. ಹಳ್ಳ ಇಲ್ಲದಿದ್ದರೆ ಆ ಧಡ್ ಇಲ್ಲ. ಈ ಬಗೆಯ ತಂಡಗಳನ್ನು ಜನ ಹಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ನಂಬಿಕೆ.

ಈಗ ತಂಡದ ಹುಟ್ಟೂರಿಗೆ ಹೋಗೋಣ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್. ಟೈರ್ ಕಾರ್ಖಾನೆಗಳಿಂದ ಬೆಳೆದ ಊರು. 2001ರಲ್ಲಿ ತಂಡ ಶುರುವಾಯಿತು. ಮೊದಲ ಆಲ್ಬಂ 2002ರಲ್ಲಿ ಬಂತು. ಎರಡನೆಯದು ‘ಥಿಕ್‌ಫ್ರೀಕ್‌ನೆಸ್’, 2003ರಲ್ಲಿ. ಅದನ್ನು ಕಾರ್ನಿ ಮನೆಯ ನೆಲಮಾಳಿಗೆಯಲ್ಲಿ, ಹಳೆಯ 8 ಟ್ರ್ಯಾಕಿನ ಟೇಪ್ ಯಂತ್ರದಲ್ಲಿ, ಹೆಚ್ಚುಕಮ್ಮಿ 14 ಗಂಟೆಯ ಒಂದೇ ಬೈಠಕ್ಕಿನಲ್ಲಿ ರೆಕಾರ್ಡ್ ಮಾಡಿದರು. ಮೂರನೆಯದಾದ ‘ರಬ್ಬರ್ ಫ್ಯಾಕ್ಟರಿ’ಯನ್ನು ಮುಚ್ಚಿಹೋಗಿದ್ದ ಟೈರ್ ಕಾರ್ಖಾನೆಯೊಳಗೆ ಮಾಡಿದರು. ಕೈಯಲ್ಲಿ ದುಡ್ಡಿಲ್ಲ, ಸ್ಟುಡಿಯೋ ಇಲ್ಲ. ಇದ್ದದ್ದರಲ್ಲೇ ಮಾಡಿದ್ದು.

ಆಗಿನ ವಿಮರ್ಶೆಗಳು ಹೇಗಿದ್ದವು? ಹೆಚ್ಚಿನವು ಮೆಚ್ಚಿದವು. ಆದರೆ ಬಹುಪಾಲು ಎಲ್ಲದರಲ್ಲೂ ಒಂದು ಹೋಲಿಕೆ ಇರುತ್ತಿತ್ತು. ಡೆಟ್ರಾಯಿಟಿನ ವೈಟ್ ಸ್ಟ್ರೈಪ್ಸ್ ಅನ್ನುವ ತಂಡದ ಜೊತೆ. ಅವರೂ ಇಬ್ಬರು, ಇವರೂ ಇಬ್ಬರು. ಅವರಿಗೂ ಬೇಸ್ ಇಲ್ಲ, ಇವರಿಗೂ ಇಲ್ಲ. ಅಕ್ಕಪಕ್ಕದ ರಾಜ್ಯ, ಹೆಸರಿನಲ್ಲಿ ಬಣ್ಣ. ಬರೆಯುವವರಿಗೆ ಸುಲಭವಾಗಿ ಸಿಕ್ಕಿಬಿಟ್ಟಿತು. ಇದು ಸ್ವಲ್ಪ ಅನ್ಯಾಯವೇ ಆಯಿತು ಅನ್ನಿಸುತ್ತದೆ. ಇಬ್ಬರ ದಾರಿ ಬೇರೆ ಬೇರೆ. ವೈಟ್ ಸ್ಟ್ರೈಪ್ಸ್‌ಗೆ ಬ್ಲೂಸ್, ಅಂದರೆ ಅಮೆರಿಕದ ದಕ್ಷಿಣದ ಕಪ್ಪು ಜನರ ಹಳೆಯ ಸಂಗೀತ, ಅನೇಕ ಬೇರುಗಳಲ್ಲಿ ಒಂದು. ಬ್ಲ್ಯಾಕ್ ಕೀಸ್‌ಗೆ ಆ ಹೊತ್ತಿಗೆ ಅದೇ ತಾಯಿಬೇರು. ಅದರಲ್ಲೂ ಒಂದು ಸಣ್ಣ ಪ್ರದೇಶದ ಬ್ಲೂಸ್.

ಆ ಪ್ರದೇಶದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಿಸಿಸಿಪಿ ರಾಜ್ಯದ ಉತ್ತರ ಭಾಗದ ಗುಡ್ಡಗಾಡು. ಅಲ್ಲಿಯ ಬ್ಲೂಸ್‌ನಲ್ಲಿ ಸ್ವರಗುಚ್ಛ, ಅಂದರೆ ಕಾರ್ಡ್, ಬದಲಾಗುವುದು ಕಮ್ಮಿ. ಒಂದೇ ಕಾರ್ಡ್ ಮೇಲೆ, ಒಂದೇ ಮೀಟನ್ನು ಸುತ್ತಿ ಸುತ್ತಿ, ಕೇಳುವವರು ಮೈಮರೆತು ಕುಣಿಯುವ ತನಕ ನುಡಿಸುತ್ತಾರೆ. ಜೂನಿಯರ್ ಕಿಂಬ್ರೋ ಮತ್ತು ಆರ್.ಎಲ್. ಬರ್ನ್‌ಸೈಡ್ ಅಲ್ಲಿಯ ದೊಡ್ಡ ಹೆಸರುಗಳು. ಕಿಂಬ್ರೋ ಚುಲಹೋಮ ಅನ್ನುವ ಹಳ್ಳಿಯ ಹತ್ತಿರ ಒಂದು ಜೂಕ್ ಜಾಯಿಂಟ್ ನಡೆಸುತ್ತಿದ್ದರು. ಕುಡಿತ, ಕುಣಿತ, ಹಾಡು ಎಲ್ಲ ಒಂದೇ ಸೂರಿನಡಿ. ಅವರ ಮೊದಲ ಪೂರ್ಣ ಆಲ್ಬಂ ಬಂದಾಗ ವಯಸ್ಸು 60 ದಾಟಿತ್ತು. 1998ರಲ್ಲಿ ತೀರಿಕೊಂಡರು. 2000ದಲ್ಲಿ ಆ ಜಾಗ ಬೆಂಕಿಗೆ ಆಹುತಿಯಾಯಿತು.

2006ರಲ್ಲಿ ಬ್ಲ್ಯಾಕ್ ಕೀಸ್ ಬರೀ ಕಿಂಬ್ರೋ ಹಾಡುಗಳ ಒಂದು ಚಿಕ್ಕ ರೆಕಾರ್ಡ್ ತಂದರು. ಹೆಸರೇ ‘ಚುಲಹೋಮ’. ಅದರ ಕೊನೆಯಲ್ಲಿ ಹಾಡು ಮುಗಿದ ಮೇಲೆ ಒಂದು ದನಿ ಕೇಳುತ್ತದೆ. ಫೋನಿನಲ್ಲಿ ಬಿಟ್ಟ ಸಂದೇಶ. ಕಿಂಬ್ರೋ ಅವರ ಪತ್ನಿಯದು. ಜೂನಿಯರ್ ನುಡಿಸುತ್ತಿದ್ದ ಹಾಗೆ ನುಡಿಸುವವರು ನೀವೇ ಅನ್ನುವ ಅರ್ಥದ ಮಾತು. ಈ ತಂಡದ ಬಗ್ಗೆ ನಾನು ಓದಿದ ಯಾವ ವಿಮರ್ಶೆಗಿಂತಲೂ ಈ ಮಾತಿಗೆ ತೂಕ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಆ ಹೆಂಗಸು ಆ ಸಂಗೀತದ ಜೊತೆ ಸಂಸಾರ ಮಾಡಿದವರು. ಆಕೆ ಹೋಲಿಸಿ ನೋಡಿದ್ದು ಇನ್ನೊಂದು ತಂಡಕ್ಕಲ್ಲ, ಹೊಸ ಅಲೆಗಲ್ಲ. ತಾನು ಕಣ್ಣಾರೆ ಕಂಡ ಮನುಷ್ಯನಿಗೆ.

ಇಲ್ಲಿಂದ ಮುಂದೆ ಕಥೆ ತಿರುಗುತ್ತದೆ. 2008ರ ‘ಅಟ್ಯಾಕ್ ಅಂಡ್ ರಿಲೀಸ್’ಗೆ ಡೇಂಜರ್ ಮೌಸ್ ಪ್ರೊಡ್ಯೂಸರ್ ಆಗಿ, ಅಂದರೆ ರೆಕಾರ್ಡಿಂಗ್ ಹೇಗಿರಬೇಕು ಅಂತ ನೋಡಿಕೊಳ್ಳುವವರಾಗಿ ಬಂದರು. ಹೊರಗಿನ ಪ್ರೊಡ್ಯೂಸರ್ ಬಂದದ್ದು ಅದೇ ಮೊದಲು, ಸರಿಯಾದ ಸ್ಟುಡಿಯೋಗೆ ಕಾಲಿಟ್ಟದ್ದೂ ಅದೇ ಮೊದಲು. ಹಳಬರು ಆಗಲೇ ಗೊಣಗಿದರು. 2010ರ ‘ಬ್ರದರ್ಸ್’ ಬಹುಪಾಲು ಅಲಬಾಮಾದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋದಲ್ಲಿ ಆಯಿತು. ಮೂರು ಗ್ರ್ಯಾಮಿ ಬಂತು. ಆ ಆಲ್ಬಮ್ಮಿನ ಪ್ರವಾಸದಿಂದ ವೇದಿಕೆ ಮೇಲೂ ಬೇಸ್, ಕೀಬೋರ್ಡ್ ನುಡಿಸುವವರು ಜೊತೆಯಾದರು. 2011ರ ‘ಎಲ್ ಕಮಿನೋ’ ಅವರನ್ನು ಎಲ್ಲಿಗೋ ಕೊಂಡೊಯ್ದಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಛೇರಿಯ ಟಿಕೆಟ್ 15 ನಿಮಿಷದಲ್ಲಿ ಖಾಲಿ. ವಿಮರ್ಶಕರು, ಕೇಳುಗರು, ರೇಡಿಯೋ, ಪ್ರಶಸ್ತಿ ಸಮಿತಿ ಎಲ್ಲರೂ ಒಂದೇ ಕಡೆ ನಿಂತದ್ದು ಆಗ. ಅಂಥ ಕಾಲ ಯಾವ ತಂಡಕ್ಕೂ ಬಹಳ ದಿನ ಉಳಿಯುವುದಿಲ್ಲ.

2014ರ ‘ಟರ್ನ್ ಬ್ಲೂ’ ಹೊತ್ತಿಗೆ ಬಿರುಕು ಕಾಣಿಸಿತು. ವಿಚಿತ್ರ ಏನೆಂದರೆ ಆಲ್ಬಂ ಮಾರಾಟ ಹೇಳುವ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಅವರು ಮೊದಲ ಸ್ಥಾನಕ್ಕೆ ಬಂದದ್ದು ಅದೇ ಆಲ್ಬಮ್ಮಿನಿಂದ. ಮೊದಲ ವಾರ 1,64,000 ಪ್ರತಿ ಹೋಯಿತು. ಕೊಂಡವರಲ್ಲೇ ಅನೇಕರಿಗೆ ನಿರಾಶೆಯಾಯಿತು. ‘ಎಲ್ ಕಮಿನೋ’ ಥರದ ಚುರುಕು ಹಾಡು ಬೇಕಿತ್ತು. ಬಂದದ್ದು ನಿಧಾನದ, ಮಂಕು ಬೆಳಕಿನ, ಉದ್ದನೆಯ ಹಾಡುಗಳು. ಮೊದಲ ಹಾಡೇ ಸುಮಾರು ಏಳು ನಿಮಿಷ. ಆಗ ಮೂಗು ಮುರಿದ ಕೇಳುಗರಲ್ಲಿ ಹಲವರು ಈಗ ಅದೇ ಆಲ್ಬಮ್ಮನ್ನು ಅವರ ಒಳ್ಳೆಯ ಕೆಲಸಗಳಲ್ಲಿ ಒಂದು ಅನ್ನುತ್ತಾರೆ. ನನಗೂ ಅದು ಬಹಳ ಇಷ್ಟ. ಆ ಉದ್ದದ ಹಾಡಿನಲ್ಲಿ ವಾದ್ಯ ಎಷ್ಟೋ ಇವೆ. ಆದರೂ ಗಿಟಾರ್ ಒಂಟಿಯಾಗಿ ಅಲೆಯುವುದಕ್ಕೆ ಜಾಗ ಬಿಟ್ಟಿದ್ದಾರೆ. ನಾನು ಹೇಳುತ್ತಿರುವ ಜಾಗ ಅದು.

ಈಗ ನನ್ನ ವಾದಕ್ಕೆ ಮುಖ್ಯ ಸಾಕ್ಷಿ. 2021ರ ‘ಡೆಲ್ಟಾ ಕ್ರೀಮ್’. ಅಷ್ಟು ವರ್ಷದ ನಂತರ ತಂಡ ಮತ್ತೆ ಕಿಂಬ್ರೋ, ಬರ್ನ್‌ಸೈಡ್ ಹಾಡುಗಳಿಗೆ ವಾಪಸ್ ಬಂತು. ನ್ಯಾಶ್‌ವಿಲ್‌ನಲ್ಲಿ ಔರ್‌ಬ್ಯಾಕ್ ಅವರದೇ ಸ್ಟುಡಿಯೋ ಇದೆ, ಈಝಿ ಐ ಸೌಂಡ್ ಅಂತ. ಅಲ್ಲಿ ಎರಡು ಮಧ್ಯಾಹ್ನಗಳಲ್ಲಿ, ಒಟ್ಟು ಸುಮಾರು 10 ಗಂಟೆಯಲ್ಲಿ ಕೆಲಸ ಮುಗಿಸಿದರು. ಇಬ್ಬರೇ ಮಾಡಿದರಾ? ಇಲ್ಲ. ಬರ್ನ್‌ಸೈಡ್ ಪಕ್ಕದಲ್ಲಿ ವರ್ಷಗಟ್ಟಲೆ ಗಿಟಾರ್ ನುಡಿಸಿದ್ದ ಕೆನ್ನಿ ಬ್ರೌನ್ ಬಂದರು. ಕಿಂಬ್ರೋ ಜೊತೆ ನುಡಿಸಿದ್ದ ಎರಿಕ್ ಡೀಟನ್ ಬೇಸ್ ಹಿಡಿದರು. ಅಂದರೆ ಬೇಸ್ ಇದೆ, ಎರಡನೆಯ ಗಿಟಾರ್ ಇದೆ, ಹೊರಗಿನವರಿದ್ದಾರೆ. ಹಾಡು ಕೂಡ ತಮ್ಮದಲ್ಲ. ತಕರಾರು ಮಾಡುವುದಕ್ಕೆ ಇಷ್ಟು ಸಾಕಿತ್ತು ಅಲ್ವಾ? ಆದರೆ ಹಳೆಯ ಕೇಳುಗರು ಈ ಆಲ್ಬಮ್ಮನ್ನು ಮನೆಗೆ ಮರಳಿದವರನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಂಡರು. ವಿಮರ್ಶಕರೂ ಬಹುಪಾಲು ಮೆಚ್ಚಿದರು. ಬ್ಲೂಸ್ ವಿಭಾಗದಲ್ಲಿ ಗ್ರ್ಯಾಮಿ ನಾಮನಿರ್ದೇಶನವೂ ಬಂತು.

ಯಾಕೆ? ಕೇಳಿದರೆ ಗೊತ್ತಾಗುತ್ತದೆ. ನುಡಿಸುವವರು ಒಬ್ಬರಿಗೊಬ್ಬರು ಕಾಯುತ್ತಾರೆ. ಎಲ್ಲಿ ತಿರುಗಬೇಕು ಅಂತ ಮೊದಲೇ ಪೂರ್ತಿ ನಿರ್ಧಾರ ಮಾಡಿಲ್ಲ. ಒಂದು ಕಡೆ ಡ್ರಮ್ಸ್ ಸ್ವಲ್ಪ ತಡವಾಗಿ ಒಳಗೆ ಬರುತ್ತದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ಒಂದು ಮೀಟು ಮುಗಿದು ಇನ್ನೊಂದು ಶುರುವಾಗುವ ತನಕ ಕೋಣೆಯ ಗಾಳಿ ಕೇಳುತ್ತದೆ. ಇಬ್ಬರಿಗಿಂತ ಜಾಸ್ತಿ ಜನ ಇದ್ದರೂ ಇಬ್ಬರ ತಂಡದ ಗುಣ ಉಳಿದಿದೆ.

ಇನ್ನೊಂದು ಸಾಕ್ಷಿ ವೈಟ್ ಸ್ಟ್ರೈಪ್ಸ್ ಕಡೆಯಿಂದ. ಅವರ ‘ಎಲಿಫೆಂಟ್’ 2003ರಲ್ಲಿ ಬಂದು ಜಗತ್ತು ಸುತ್ತಿತು. ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಟ್ಟದೆ ಮಾಡಿದ ಆಲ್ಬಂ. ಮುಂದಿನದೂ ಹಾಗೇ ಇರುತ್ತದೆ ಅಂತ ಎಲ್ಲರೂ ಕಾದಿದ್ದರು. 2005ರಲ್ಲಿ ‘ಗೆಟ್ ಬಿಹೈಂಡ್ ಮಿ ಸೇಟನ್’ ಬಂತು. ಎಲೆಕ್ಟ್ರಿಕ್ ಗಿಟಾರ್ ಬಹಳ ಕಡೆ ಇಲ್ಲವೇ ಇಲ್ಲ! ಪಿಯಾನೋ ಇದೆ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ ಇದೆ. ಕೇಳುಗರು ತಬ್ಬಿಬ್ಬಾದರು. ಆದರೂ ಆಲ್ಬಂ ಸೋಲಲಿಲ್ಲ, ಗ್ರ್ಯಾಮಿಯನ್ನೂ ಪಡೆಯಿತು. ಅಲ್ಲಿ ವಾದ್ಯ ಬದಲಾಗಿದೆ, ಜಾಗ ಬದಲಾಗಿಲ್ಲ. ಪಿಯಾನೋ ಪಕ್ಕದಲ್ಲಿ ಮೆಗ್ ವೈಟ್ ಅವರ ಡ್ರಮ್ಸ್ ಅಷ್ಟೇ ಬೋಳಾಗಿ, ಅಷ್ಟೇ ಧೈರ್ಯವಾಗಿ ನಿಂತಿದೆ. ಹಾಗಾಗಿ ಪಿಯಾನೋ ಬಂದದ್ದೇ ತಪ್ಪು ಅನ್ನುವ ಮಾತು ನಿಲ್ಲುವುದಿಲ್ಲ.

ಮೆಗ್ ಹೆಸರು ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಬ್ಬರ ತಂಡದಲ್ಲಿ ಪೆಟ್ಟು ತಿನ್ನುವವರು ಯಾವಾಗಲೂ ಡ್ರಮ್ಸ್ ಬಾರಿಸುವವರು. ತಂಡ ಮುಗಿದು ಹನ್ನೆರಡು ವರ್ಷ ಕಳೆದ ಮೇಲೆ, 2023ರಲ್ಲಿ, ಪತ್ರಕರ್ತರೊಬ್ಬರು ಮೆಗ್ ಡ್ರಮ್ಸ್ ಕಳಪೆ ಅಂತ ಹೇಳಿ ದೊಡ್ಡ ಜಗಳವೇ ಆಯಿತು. ಸಂಗೀತಗಾರರು ಸಾಲಾಗಿ ಅವರ ಪರ ನಿಂತರು. ಆ ಪತ್ರಕರ್ತರು ಕ್ಷಮೆ ಕೇಳಿದರು. 2025ರಲ್ಲಿ ವೈಟ್ ಸ್ಟ್ರೈಪ್ಸ್ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಮೆಗ್ ಬಾರಿಸುತ್ತಿದ್ದದ್ದು ಕಮ್ಮಿ ಅನ್ನುವುದು ನಿಜ. ಆ ಕಮ್ಮಿಯೇ ಜ್ಯಾಕ್ ವೈಟ್ ಅವರ ಗಿಟಾರಿಗೆ ನಿಲ್ಲುವುದಕ್ಕೆ ನೆಲ ಕೊಟ್ಟಿತು. ಅದನ್ನು ಕಳಪೆ ಅನ್ನುವವರು ಆ ಹಾಡುಗಳನ್ನು ಸರಿಯಾಗಿ ಕೇಳಿಲ್ಲ ಅಂತಲೇ ನಾನು ಹೇಳುತ್ತೇನೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು 2024ಕ್ಕೆ ಬನ್ನಿ. ‘ಒಹಾಯೊ ಪ್ಲೇಯರ್ಸ್’ ಏಪ್ರಿಲ್‌ನಲ್ಲಿ ಬಂತು. ಇಬ್ಬರೂ ಬೇರೆ ಬೇರೆ ಊರುಗಳಲ್ಲಿ ಹಳೆಯ 45 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನು ಹಾಕಿ ಜನರನ್ನು ಕುಣಿಸುವ ರಾತ್ರಿಗಳನ್ನು ನಡೆಸುತ್ತಿದ್ದರು. ಅದೇ ಹುರುಪಿನಲ್ಲಿ ಮಾಡಿದ ಆಲ್ಬಂ. ಗಾಯಕ ಬೆಕ್ ಬಂದರು, ಓಯಸಿಸ್ ತಂಡದ ನೋಯೆಲ್ ಗ್ಯಾಲಗರ್ ಬಂದರು, ಪ್ರೊಡ್ಯೂಸರ್ ಡ್ಯಾನ್ ದಿ ಆಟೊಮೇಟರ್ ಬಂದರು, ಮೆಂಫಿಸ್‌ನ ರ‍್ಯಾಪರ್‌ಗಳು ಬಂದರು. ಬಹಳ ಜನ ಬಂದರು ಅಂತಲೇ ವಿಮರ್ಶೆಗಳು ಬರೆದವು. ಕೆಲವರಿಗೆ ಜಾತ್ರೆಯ ಖುಷಿ, ಕೆಲವರಿಗೆ ಗದ್ದಲ.

ಮನೆಗೆ ನೆಂಟರು ಬಂದರೆ ತೊಂದರೆಯಿಲ್ಲ. ನೆಂಟರ ಮಾತಿನಲ್ಲಿ ಮನೆಯವರ ದನಿಯೇ ಕೇಳದ ಹಾಗಾದರೆ ತೊಂದರೆ. ಈ ಆಲ್ಬಮ್ಮಿನಲ್ಲೇ ಎರಡೂ ಇವೆ. ಗ್ಯಾಲಗರ್ ಜೊತೆಗಿನ ಹಾಡುಗಳನ್ನು ಅದೇ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿದರು. ಆ ಹಾಡುಗಳು ಉಸಿರಾಡುತ್ತವೆ. ಬೇರೆ ಕೆಲವು ಹಾಡುಗಳಲ್ಲಿ ತುತ್ತೂರಿ, ಕೋರಸ್, ತಾಳವಾದ್ಯ ಎಲ್ಲ ಒಂದರ ಮೇಲೊಂದು ಪೇರಿಸಿದ್ದಾರೆ. ಕಿವಿಗೆ ಹಬ್ಬ, ನಿಜ. ಆದರೆ ಕಾರ್ನಿ ಎಲ್ಲಿ ಹೊಡೆಯುತ್ತಿದ್ದಾರೆ ಅಂತ ಹುಡುಕಬೇಕಾಗುತ್ತದೆ.

ಮುಂದೆ ಆದದ್ದು ನಿಮಗೆ ಗೊತ್ತಿರಬಹುದು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 26ನೆಯ ಸ್ಥಾನದಲ್ಲಿ ನಿಂತಿತು. ದೊಡ್ಡ ದೊಡ್ಡ ಅರೀನಾಗಳಲ್ಲಿ ಗೊತ್ತುಮಾಡಿದ್ದ ಉತ್ತರ ಅಮೆರಿಕದ ಪ್ರವಾಸವನ್ನು ಮೇ ತಿಂಗಳಲ್ಲಿ ರದ್ದು ಮಾಡಿದರು. ಟಿಕೆಟ್ ಅಂದುಕೊಂಡಷ್ಟು ಹೋಗುತ್ತಿಲ್ಲ ಅನ್ನುವ ವರದಿಗಳಿದ್ದವು. ತಮ್ಮ ಮ್ಯಾನೇಜರುಗಳಿಂದಲೂ ತಂಡ ದೂರವಾಯಿತು. ಇದನ್ನೂ ಕೇಳುಗರ ಒಂದು ಪ್ರತಿಕ್ರಿಯೆ ಅಂತ ಓದುವವರಿದ್ದಾರೆ. ನಾನು ಹಾಗೆ ಪೂರ್ತಿ ಓದುವುದಿಲ್ಲ. ಟಿಕೆಟ್ ದರ, ಸಭಾಂಗಣದ ಗಾತ್ರ, ಪ್ರಚಾರ, ಬೇರೆ ತಂಡಗಳ ಪ್ರವಾಸ, ಎಷ್ಟೋ ಸಂಗತಿ ಸೇರಿ ಒಂದು ಖಾಲಿ ಕುರ್ಚಿ ಆಗುತ್ತದೆ. ಹಾಡು ಚೆನ್ನಾಗಿಲ್ಲ ಅನ್ನುವುದು ಅದರಲ್ಲಿ ಒಂದು ಮಾತ್ರ. ಆದರೆ ಆ ಪೆಟ್ಟು ಇಬ್ಬರಿಗೂ ನಾಟಿತು. ‘ನೋ ರೇನ್, ನೋ ಫ್ಲವರ್ಸ್’ ಹುಟ್ಟಿದ್ದು ಆ ವರ್ಷದ ಕಹಿಯಿಂದ.

ಇಲ್ಲಿ ಸ್ವಲ್ಪ ನಿಂತು, ವಿಮರ್ಶಕರ ಪಾಡನ್ನೂ ಕೇಳುಗರ ಪಾಡನ್ನೂ ನೋಡಬೇಕು. ವಿಮರ್ಶಕರು ಆಲ್ಬಮ್ಮನ್ನು ಸಾಮಾನ್ಯವಾಗಿ ಬಿಡುಗಡೆಗೆ ಮುಂಚೆ, ಗಡುವಿನ ಒಳಗೆ, ಕೆಲವೇ ಸಲ ಕೇಳಿ ಬರೆಯುತ್ತಾರೆ. ಅವರ ಮೇಜಿನ ಮೇಲೆ ಆ ವಾರ ಬಂದ ಬೇರೆ ಹತ್ತು ಆಲ್ಬಂ ಇರುತ್ತವೆ. ಹಾಗಾಗಿ ಅವರ ಮೊದಲ ಪ್ರಶ್ನೆ, ಇದರಲ್ಲಿ ಹೊಸದೇನು? ಕೇಳುಗರು ಹಾಗಲ್ಲ. ವರ್ಷಗಳಿಂದ ಜೊತೆಗಿಟ್ಟುಕೊಂಡ ಒಂದು ಆಲ್ಬಂ ಅವರಿಗಿರುತ್ತದೆ. ಅವರ ಮೊದಲ ಪ್ರಶ್ನೆ, ನನ್ನವರು ಇದರಲ್ಲಿ ಇದ್ದಾರಾ? ಒಬ್ಬರು ಬದಲಾವಣೆ ಹುಡುಕುತ್ತಾರೆ, ಇನ್ನೊಬ್ಬರು ಗುರುತು ಹುಡುಕುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗ ಜಗಳ ಶುರು.

ಅಂಕಗಳು ಇದನ್ನು ಇನ್ನೂ ಹದಗೆಡಿಸುತ್ತವೆ. ಮೆಟಾಕ್ರಿಟಿಕ್ ಅನ್ನುವ ಜಾಲತಾಣ 2001ರಿಂದ ವಿಮರ್ಶೆಗಳನ್ನು ಒಟ್ಟುಹಾಕಿ ನೂರಕ್ಕೆ ಒಂದು ಅಂಕ ಕೊಡುತ್ತ ಬಂದಿದೆ. ಕೇಳುಗರ ಅಂಕ ಬೇರೆ, ಅದು ಹತ್ತಕ್ಕೆ. ಒಬ್ಬರು ಆಲ್ಬಮ್ಮನ್ನು ತುಂಬ ಹಚ್ಚಿಕೊಂಡರು, ಇನ್ನೊಬ್ಬರು ಪೂರ್ತಿ ತಳ್ಳಿಹಾಕಿದರು ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಪರವಾಗಿಲ್ಲ ಅನ್ನುವ ಅಂಕ ಬರುತ್ತದೆ. ಪರವಾಗಿಲ್ಲ ಅಂತ ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ! ಜನರನ್ನು ಎರಡು ಪಾಲು ಮಾಡುವ ಆಲ್ಬಂಗಳಿಗೆ ಇದರಿಂದ ಬಹಳ ಅನ್ಯಾಯ ಆಗುತ್ತದೆ. ಅಂಕ ಬಿಡಿ, ಒಂದು ಮೆಚ್ಚಿದ ವಿಮರ್ಶೆ, ಒಂದು ಮೆಚ್ಚದ ವಿಮರ್ಶೆ ಪೂರ್ತಿ ಓದಿ. ಅದರಿಂದ ಸಿಗುವುದು ಜಾಸ್ತಿ.

ಸರಿ, ಹೊಸ ಆಲ್ಬಂ. ಈ ಸಲ ಅತಿಥಿ ಗಾಯಕರ ದಂಡು ಇಲ್ಲ. ಬದಲಿಗೆ ಹಾಡು ಬರೆಯುವುದರಲ್ಲಿ ಪಳಗಿದವರನ್ನು ಕರೆದರು. ರಿಕ್ ನೋವಲ್ಸ್ 1980ರ ದಶಕದಿಂದ ಪಾಪ್ ಹಾಡು ಬರೆದು ಗೆದ್ದವರು. ಡೇನಿಯಲ್ ಟಾಶಿಯನ್, ಗಾಯಕಿ ಕೇಸಿ ಮಸ್‌ಗ್ರೇವ್ಸ್ ಅವರ ಗ್ರ್ಯಾಮಿ ಗೆದ್ದ ‘ಗೋಲ್ಡನ್ ಅವರ್’ ಹಿಂದೆ ಇದ್ದವರು. ಸ್ಕಾಟ್ ಸ್ಟಾರ್ಚ್ ಹಿಪ್ ಹಾಪ್ ಲೋಕದ ಕೀಬೋರ್ಡ್ ವಾದಕ. ಮೂವರ ಕೈಯೂ ಕೀಲಿಮಣೆ, ರಾಗ, ಪಲ್ಲವಿ ಕಡೆಗೇ ಹರಿಯುವುದು. ಹಾಡು ರಿಫ್‌ನಿಂದ, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕಿನಿಂದ, ಹುಟ್ಟುವ ಬದಲು ಪಲ್ಲವಿಯಿಂದ ಹುಟ್ಟಿದೆ. ಮೊದಲ ಬಾರಿ ಕೇಳಿದಾಗಲೇ ಇದು ಗೊತ್ತಾಗುತ್ತದೆ.

ಇದರಿಂದ ಬಂದ ಲಾಭ ದೊಡ್ಡದು. ‘ದಿ ನೈಟ್ ಬಿಫೋರ್’ ಕೇಳಿ. ಪಲ್ಲವಿ ಒಮ್ಮೆ ಕಿವಿಗೆ ಬಿದ್ದರೆ ಬಿಡುವುದಿಲ್ಲ. ಔರ್‌ಬ್ಯಾಕ್ ದನಿ ಗಿಟಾರಿನ ಹಿಂದೆ ಅಡಗುವುದಿಲ್ಲ. ಹಳೆಯ ಆಲ್ಬಂಗಳಲ್ಲಿ ದನಿಗೂ ಫಝ್ ಬಳಿದಿರುತ್ತಿದ್ದರು, ಮಾತು ಅರ್ಧ ಕೇಳುತ್ತಿರಲಿಲ್ಲ. ಇಲ್ಲಿ ಬಯಲಲ್ಲಿ ನಿಂತು ಹಾಡುತ್ತಾರೆ. ಆಗ ಅವರ ವಯಸ್ಸು 46. ಆ ವಯಸ್ಸಿನ ದಣಿವು, ಸಮಾಧಾನ ಎರಡೂ ಕೇಳುತ್ತವೆ. ಎಲ್ಲೂ ಧೈರ್ಯ ಮಾಡಿಲ್ಲ ಅನ್ನುವ ವಿಮರ್ಶಕರಿಗೆ ನನ್ನ ಉತ್ತರ ಇದು. ಫಝ್ ತೆಗೆದು ಹಾಡುವುದೂ ಧೈರ್ಯವೇ.

ನಷ್ಟ ಇನ್ನೊಂದು ಕಡೆ. ಹಲವು ಹಾಡುಗಳಲ್ಲಿ ಪ್ರತಿ ಸಾಲಿನ ಕೊನೆಗೂ ಏನೋ ಒಂದು ಇಟ್ಟಿದ್ದಾರೆ. ದನಿ ನಿಂತ ಕೂಡಲೇ ಕೀಬೋರ್ಡಿನ ಒಂದು ತುಣುಕು. ಅದು ಮುಗಿಯುವಷ್ಟರಲ್ಲಿ ಹಿನ್ನೆಲೆಯ ದನಿಗಳು. ಕೇಳುವವರಿಗೆ ಕಾಯುವ ಕೆಲಸವೇ ಇಲ್ಲ. ಮೊದಲು ಹೇಳಿದೆನಲ್ಲ, ಹಳ್ಳ ಬಿದ್ದು ಆಮೇಲೆ ಧಡ್ ಅಂತ ನೆಲ ಮುಟ್ಟುವುದು, ಅದು ಇಲ್ಲಿ ಆಗುವುದು ಅಪರೂಪ. ‘ಮ್ಯಾನ್ ಆನ್ ಎ ಮಿಷನ್’ ಹಾಡಿನಲ್ಲಿ ಆಗುತ್ತದೆ. ಗಿಟಾರ್ ಮುಂದೆ ಬರುತ್ತದೆ, ಕಾರ್ನಿ ಹಳೆಯ ಕಾರ್ನಿಯ ಹಾಗೆ ಬಾರಿಸುತ್ತಾರೆ. ಹಳೆಯ ಕೇಳುಗರು ಅದೊಂದೇ ಹಾಡನ್ನು ಹಿಡಿದು ಮಾತಾಡುವುದು ಸುಮ್ನೆ ಅಲ್ಲ. ಅಲ್ಲಿ ಜಾಗ ಇದೆ.

ಹಾಗಾಗಿ ಗಿಟಾರ್ ಎಲ್ಲಿ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟು. ಗಿಟಾರ್ ಇದೆ, ಬಹಳ ಹಾಡುಗಳಲ್ಲಿ ಇದೆ. ಅದು ಒಂಟಿಯಾಗಿ ನಿಲ್ಲುವ ಹೊತ್ತು ಇಲ್ಲ. ನಿಮಗೆ ಕಾಡುತ್ತಿರುವುದು ಆ ಹೊತ್ತು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದ್ದು: ಅವರು ಮತ್ತೆ ನೆಲಮಾಳಿಗೆಯ ಸದ್ದಿಗೆ ವಾಪಸ್ ಹೋಗಬೇಕು ಅಂತೀರಾ?

ಇಲ್ಲ. ಆ ಸದ್ದು ಬಂದದ್ದು ಬೇರೆ ದಾರಿ ಇಲ್ಲದ್ದರಿಂದ. ಈಗ ಸ್ವಂತ ಸ್ಟುಡಿಯೋ ಇದೆ, ಒಳ್ಳೆಯ ಮೈಕ್ ಇದೆ, ಬೇರೆಯವರ ಆಲ್ಬಂಗಳನ್ನೂ ಮಾಡಿಕೊಡುವ ಅನುಭವ ಇದೆ. ಇಲ್ಲದ ಬಡತನವನ್ನು ನಟಿಸಿದರೆ ಕೇಳುಗರಿಗೆ ಕೂಡಲೇ ಗೊತ್ತಾಗುತ್ತದೆ. ‘ಡೆಲ್ಟಾ ಕ್ರೀಮ್’ ಆದದ್ದು ಅದೇ ಒಳ್ಳೆಯ ಸ್ಟುಡಿಯೋದಲ್ಲಿ ಅನ್ನುವುದನ್ನು ಮರೆಯಬೇಡಿ. ಬೇಕಾಗಿರುವುದು ಕಮ್ಮಿ ದಿನ, ಕಮ್ಮಿ ಟ್ರ್ಯಾಕ್, ಎದುರುಬದುರು ಕೂತು ನುಡಿಸುವ ಮಧ್ಯಾಹ್ನಗಳು.

ಇನ್ನೊಬ್ಬರು ಕೇಳಿದ್ದು: ಒಹಾಯೊದ ಬಿಳಿಯ ಹುಡುಗರು ಮಿಸಿಸಿಪಿಯ ಕಪ್ಪು ಜನರ ಸಂಗೀತ ನುಡಿಸಿ ಹೆಸರು, ಹಣ ಮಾಡಿದರು. ಅದರ ಬಗ್ಗೆ ವಿಮರ್ಶಕರು ಸಾಕಷ್ಟು ಬರೆದಿದ್ದಾರಾ?

ಬರೆದಿದ್ದಾರೆ, ಇನ್ನೂ ಬರೆಯಬೇಕು. ಕಿಂಬ್ರೋ ಬದುಕಿದ್ದಾಗ ಅವರಿಗೆ ಅರೀನಾ ಸಿಗಲಿಲ್ಲ. ಅವರ ಮೀಟನ್ನು ಕಲಿತವರಿಗೆ ಸಿಕ್ಕಿತು. ಇದು ಅಮೆರಿಕದ ಬ್ಲೂಸ್ ಚರಿತ್ರೆಯುದ್ದಕ್ಕೂ ಇರುವ ನೋವು, ಈ ಇಬ್ಬರಿಂದ ಶುರುವಾದದ್ದಲ್ಲ. ನನಗೆ ಇವರ ಬಗ್ಗೆ ಗೌರವ ಇರುವುದು ಒಂದು ಕಾರಣಕ್ಕೆ. ಮೂಲ ಯಾರದು ಅಂತ ಇವರು ಮುಚ್ಚಿಡಲಿಲ್ಲ. ಹೆಸರು ಹೇಳಿದರು. ಆ ಹಾಡುಗಳನ್ನು ಆ ಹೆಸರಿನಲ್ಲೇ ತಂದರು. ಅವರ ಜೊತೆ ನುಡಿಸಿದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಷ್ಟರಿಂದ ಲೆಕ್ಕ ಚುಕ್ತಾ ಆಯಿತು ಅಂತ ನಾನು ಹೇಳುವುದಿಲ್ಲ. ಕೇಳುಗರ ಪಾಲಿನ ಕೆಲಸವೂ ಇದೆ. ಹೆಸರು ಕೇಳಿ ಅಲ್ಲಿಗೇ ಬಿಡದೆ ಮೂಲವನ್ನು ಹುಡುಕಿಕೊಂಡು ಹೋಗಬೇಕು.

ಕೊನೆಯ ಪ್ರಶ್ನೆ: ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಕಿಂಬ್ರೋ ಅವರ ‘ಆಲ್ ನೈಟ್ ಲಾಂಗ್’ನಿಂದ. 1992ರದು. ಆ ಜೂಕ್ ಜಾಯಿಂಟ್‌ನೊಳಗೇ ರೆಕಾರ್ಡ್ ಮಾಡಿದ್ದು. ಮಾಡಿಸಿದವರು ರಾಬರ್ಟ್ ಪಾಮರ್. ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿದ್ದ ಸಂಗೀತ ವಿಮರ್ಶಕರು. ವಿಮರ್ಶಕರು ಸುಮ್ನೆ ತಪ್ಪು ಹುಡುಕುವವರು ಅಂತ ಬೈಯುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಒಬ್ಬ ವಿಮರ್ಶಕರು ಮೈಕ್ ಹಿಡಿದು ಹಳ್ಳಿಗೆ ಹೋಗದಿದ್ದರೆ ಆ ಸದ್ದು ನಮ್ಮ ತನಕ ಹೀಗೆ ಬರುತ್ತಿರಲಿಲ್ಲ. ಅದಾದ ಮೇಲೆ ‘ಡೆಲ್ಟಾ ಕ್ರೀಮ್’ ಹಾಕಿ. ಮೂರನೆಯದಾಗಿ ಹೊಸ ಆಲ್ಬಂ ಕೇಳಿ, ಸಾಧ್ಯವಾದರೆ ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ. ‘ಮ್ಯಾನ್ ಆನ್ ಎ ಮಿಷನ್’ ಬಂದಾಗ ಡ್ರಮ್ಸ್ ಕಡೆ ಕಿವಿ ಇಡಿ. ಒಪ್ಪಿಗೆಯಾಗದಿದ್ದರೆ ಮುಂದಿನ ಸಲ ಬಂದು ಜಗಳ ಮಾಡಿ, ಕಾಯುತ್ತಿರುತ್ತೇನೆ.